ಮೇಷ್ಟ್ರ ಕೆಮ್ಮು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ಡ್ರೈವಿಂಗ್ ಕ್ಲಾಸಿಗೆ ಸೇರಿದ್ದೀಯ ಅಂತ ಓದಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ನಿಮ್ಮ ಮೇಷ್ಟ್ರು ತುಂಬ ಹೊಗಳುತ್ತಾರಂತೆ, ತಿರುವು ಬಂದಾಗಲೆಲ್ಲ ಹಾಡು ಗುನುಗುತ್ತಾರಂತೆ. ಸಂತೋಷ. ಕ್ಲಾಸುಗಳ ನಡುವೆ ಕೈ ಪಳಗಿಸಿಕೊಳ್ಳಲು ಒಂದು ಹಳೇ ಕಾರು ಕೊಳ್ಳಲೋ ಬೇಡವೋ ಅಂತ ಕೇಳಿದ್ದೀಯ. ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು. ಆದರೆ ನಿನ್ನ ಅಕ್ಕ ಯಾವತ್ತು ಒಂದೇ ಮಾತಿನಲ್ಲಿ ಮುಗಿಸಿದ್ದಾಳೆ?

ನಮ್ಮ ಆಸ್ಪತ್ರೆಯಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುವ ನರ್ಸ್ ಕೆಲಸ ಖಾಲಿಯಾಗಿತ್ತಲ್ಲ, ಅದಕ್ಕಾಗಿ ನಾನು ಬಾಯಿಬಾಯಿ ಬಿಡುತ್ತಿದ್ದೆ. ರಾತ್ರಿ ಪಾಳಿ ಸಾಕಾಗಿತ್ತು. ಮಕ್ಕಳು ಏಳುವ ಹೊತ್ತಿಗೆ ನಾನು ಮಲಗುವುದು, ಇದೂ ಒಂದು ಬದುಕೇ? ಹಿರಿಯ ಡಾಕ್ಟರಮ್ಮ ಒಂದೇ ಷರತ್ತು ಹಾಕಿದರು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸವೂ ನನ್ನದು, ಓಡಾಡಲು ಆಸ್ಪತ್ರೆಯ ಕಾರೂ ನನ್ನದು. ಇಲ್ಲದಿದ್ದರೆ ಬೇರೆಯವರ ಪಾಲು.

ನನ್ನ ಮೇಷ್ಟ್ರೂ ದೇವರಂಥ ಮನುಷ್ಯ. ಬೈಗುಳವೇ ಇಲ್ಲ. ಪಕ್ಕದಲ್ಲಿ ಕೂತು ಭೇಷ್ ಭೇಷ್ ಅನ್ನುವುದು, ನಡುನಡುವೆ ಕೆಮ್ಮುವುದು. ಬ್ರೇಕಿನ ಮೇಲೆ ನಾನು ಪಾದ ಇಟ್ಟರೆ ಸಾಕು, ಕಾರು ಮೆತ್ತಗೆ ನಿಲ್ಲುತ್ತಿತ್ತು. ನಾನು ಉಬ್ಬಿಹೋದೆ. ಅವರ ಕೆಮ್ಮು ಮಾತ್ರ ನನಗೆ ತಲೆನೋವಾಯಿತು. ಎಷ್ಟಾದರೂ ನರ್ಸ್ ನೋಡು! ಔಷಧಿ ಒಯ್ದು ಕುಡಿಸಿದೆ, ಕಡಿಮೆಯಾಗಲಿಲ್ಲ. ಎದೆಯ ಎಕ್ಸ್‌ರೇ ತೆಗೆಸಲೇಬೇಕು ಅಂತ ಹಟ ಹಿಡಿದೆ. ಪಾಪ, ತಲೆ ತಗ್ಗಿಸಿಕೊಂಡು ಆಯ್ತಮ್ಮ ಅಂದರು.

ಔಷಧಿ ಅಂಗಡಿಯವರು ತಮ್ಮ ಹಳೇ ಕಾರು ಮಾರುತ್ತಾರೆಂದು ಗೊತ್ತಾದಾಗ ನಾನು ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟೆ. ಈಜು ಬರೋಕೆ ಮುಂಚೆ ಯಾರಾದ್ರೂ ಕೆರೆ ಕೊಂಡ್ಕೋತಾರೇನೇ ಅಂತ ನಿಮ್ಮ ಭಾವ ಗೇಲಿ ಮಾಡಿದರು. ಮನೆ ಗಾಡಿಯಲ್ಲಿ ಕಲಿತರೆ ಕೈ ಕೆಟ್ಟುಹೋಗುತ್ತೆ ಅಂತ ಮೇಷ್ಟ್ರು ಕೂಡ ಬೇಡವೆಂದರು. ಯಾಕೆ ಬೇಡವೆಂದರು ಅನ್ನುವುದು ಆಮೇಲೆ ತಿಳಿಯಿತು.

ಮೊದಲ ಸಂಜೆ ನಾನೂ ನಿಮ್ಮ ಭಾವನೂ ಮುಚ್ಚಿದ ಗೋದಾಮಿನ ಹಿಂದಿನ ಬಯಲಿಗೆ ಹೋದೆವು. ರಾಣಿಯ ಹಾಗೆ ಒಂದು ಸುತ್ತು ಹೊಡೆದೆ. ಎದುರಿಗೆ ನೀರಿನ ಡ್ರಮ್ ಬಂತು. ಎಂದಿನಂತೆ ಪಾದ ಇಟ್ಟೆ. ಕಾರು ನಿಲ್ಲಲಿಲ್ಲ! ಬ್ರೇಕ್ ಹಾಕೇ ಅಂತ ಅವರು, ಹಾಕಿದೀನ್ರೀ ಅಂತ ನಾನು. ಡ್ರಮ್ ಉರುಳಿತು. ಭಾವ ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಕಾರು ನಿಂತಿತು. ಡ್ರಮ್ಮಿನ ಜಾಗದಲ್ಲಿ ಯಾರಾದರೂ ಇದ್ದಿದ್ದರೆ! ಕಾರಿನೊಳಗೆ ಸದ್ದಿಲ್ಲ. ಆ ಮೌನದಲ್ಲೇ ನನಗೆ ಹೊಳೆಯಿತು. ಯಾರೂ ಕೆಮ್ಮಲಿಲ್ಲ.

ಮರುದಿನ ಕ್ಲಾಸಿನಲ್ಲಿ, ಮೇಷ್ಟ್ರೇ, ಇವತ್ತು ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಳ್ಳಿ ಅಂದೆ. ಅವರ ಮುಖ ಬಿಳಿಚಿಕೊಂಡಿತು. ಅವರ ಕಡೆಯೂ ಒಂದು ಬ್ರೇಕ್ ಇರುತ್ತದಲ್ಲ, ಇಷ್ಟು ದಿನ ಕಾರು ನಿಲ್ಲಿಸಿದ್ದು ಅದೇ. ಅದನ್ನು ಒತ್ತಿದರೆ ಟಕ್ ಅಂತ ಸದ್ದಾಗುತ್ತದಂತೆ. ಕೇಳಿಸಿದರೆ ಕಲಿಯುವವರ ಧೈರ್ಯ ಕುಗ್ಗುತ್ತದೆ ಅಂತ ಕೆಮ್ಮಿ ಮುಚ್ಚುತ್ತಿದ್ದರಂತೆ! ನಿಜ ಹೇಳಿದ್ರೆ ಅಳ್ತಾರಮ್ಮ ಅಂದರು. ಮೈ ಉರಿಯಿತು. ಆಮೇಲೆ, ನೀವು ಬಿಡಲ್ಲ ಅಂತ ಎಕ್ಸ್‌ರೇನೂ ತೆಗೆಸಿದೆ, ಎದೆ ಚೆನ್ನಾಗೇ ಇದೆಯಂತೆ ಅಂದರು ನೋಡು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಆದರೆ ತಿಂಗಳು ಮುಗಿಯುತ್ತ ಬಂದಿತ್ತು, ನನಗೆ ಬ್ರೇಕ್ ಒತ್ತುವುದೇ ಗೊತ್ತಿಲ್ಲ. ಪ್ರತಿ ಸಂಜೆ ಅದೇ ಬಯಲು. ಭಾವ ಡ್ರಮ್ಮಿಗೆ ನೀರು ತುಂಬಿ ನಿಲ್ಲಿಸುವುದು, ನಾನು ಅದರ ಮುಂದೆ ಕಾರು ನಿಲ್ಲಿಸಲು ಒದ್ದಾಡುವುದು. ಬೆಳಿಗ್ಗೆ ಮೇಷ್ಟ್ರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಯಿಬಿಟ್ಟೇ ನನ್ನ ತಪ್ಪು ಹೇಳತೊಡಗಿದರು. ಪರೀಕ್ಷೆಯ ದಿನ ಲೈಸೆನ್ಸ್ ಕೊಡುವ ಸಾಹೇಬರು ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದರು. ಒಂದು ನಾಯಿ ಅಡ್ಡ ಬಂತು. ಒತ್ತಿದೆ. ನಿಂತಿತು. ನಾಯಿ ಬಾಲ ಅಲ್ಲಾಡಿಸಿಕೊಂಡು ದಾಟಿತು.

ಪಾಸಾದೆ ಕಣೇ! ಮೊನ್ನೆ ಲೈಸೆನ್ಸ್ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಎದೆಯ ಮೇಲಿನ ಭಾರ ಇಳಿದು, ಮನೆಗೆ ಬಂದವಳು ಹಗಲುಹೊತ್ತಿನಲ್ಲೇ ಮಕ್ಕಳ ಪಕ್ಕ ಬಿದ್ದುಕೊಂಡು ಗಡದ್ದಾಗಿ ನಿದ್ದೆ ಮಾಡಿದೆ. ನಾಳೆಯಿಂದ ಹೊಸ ಕೆಲಸ.

ಹಾಗಾಗಿ ನೀನು ಕಾರು ಕೊಳ್ಳಬೇಡ, ಆದರೆ ಕಾರು ಬೇಕೇ ಬೇಕು. ಬರುವ ಭಾನುವಾರ ನನ್ನದನ್ನೇ ಓಡಿಸಿಕೊಂಡು ಬರುತ್ತೇನೆ, ಕಲಿಯುವ ತನಕ ಇಟ್ಟುಕೋ. ಮುಂದುಗಡೆ ತಗ್ಗಾಗಿರುವುದು ಡ್ರಮ್ಮಿನ ಗುರುತು, ರಿಪೇರಿ ಮಾಡಿಸಬೇಡ. ನಿನ್ನ ಗಂಡನಿಗೆ ಒಂದು ಡ್ರಮ್ ಹುಡುಕಿಡಲು ಹೇಳು.

ನಿನ್ನ ವಾಚಾಳಿ ಅಕ್ಕ

ಮರೆತ ಮಾತು: ಮುಂದಿನ ಕ್ಲಾಸಿನಲ್ಲಿ ನಿಮ್ಮ ಮೇಷ್ಟ್ರು ಹಾಡು ಶುರು ಮಾಡಿದ ಕೂಡಲೇ, ಒಂದು ಸಲ ಅವರ ಕಾಲಿನ ಕಡೆ ನೋಡು.