ಬಾಟಲಿಗೆ ಬಿದ್ದ ಕರಿ ಬಿಲ್ಲೆ

ಪಾಂಟಿಫ್ರಾಕ್ಟ್, ಯಾರ್ಕ್‌ಷೈರ್
೧೩ ಮಾರ್ಚ್ ೧೯೭೯, ಮಂಗಳವಾರ

ಪ್ರೀತಿಯ ತಮ್ಮ ಆರ್ನಲ್ಡ್,

ನಿನ್ನಣ್ಣ ಕ್ಲಿಫರ್ಡ್ ಫೋನಿನಲ್ಲಿ ನಿನಗೆ ಹೇಳಿದ ವೃತ್ತಾಂತದಲ್ಲಿ ತಪ್ಪುಗಳಿವೆ. ಅವನ್ನು ತಿದ್ದುವ ಮುನ್ನ ಕೇಳುತ್ತೇನೆ: ಅಬರ್ಡೀನಿನ ಚಳಿಯಲ್ಲಿ ನಿನ್ನ ಮೊಣಕಾಲು ಹೇಗಿದೆ? ನಾನು ಹೆಣೆದ ಉಣ್ಣೆಯ ಪಟ್ಟಿಯನ್ನು ಪೆಟ್ಟಿಗೆಯಲ್ಲಿಡದೆ ಕಾಲಿಗೆ ಕಟ್ಟಿಕೋ.

ಸಿಡಿದದ್ದು ಒಂದೇ ಬಾಟಲಿ; ಮನೆಯೇ ಹಾರಿಹೋಯಿತೆನ್ನುವುದು ಉತ್ಪ್ರೇಕ್ಷೆ. ಅಪ್ಪನಿಗೆ ಗಾಯವಾಗಿಲ್ಲ. ಅವರು ಒಲೆಗೆ ಕಲ್ಲಿದ್ದಲು ಹಾಕಲು ಬಾಗಿದ್ದ ಕ್ಷಣದಲ್ಲೇ ಗಾಜಿನ ಚೂರು ಅವರ ಕುರ್ಚಿಯ ಬೆನ್ನಿಗೆ ನಾಟಿತು. ನಡೆದದ್ದು ಇಷ್ಟು. ಈಸ್ಟರಿಗೆಂದು ಮನೆಯಲ್ಲೇ ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡಿದ್ದೆವು. ಅತಿಮಧುರದ ಬೇರನ್ನು ಜಜ್ಜಿ ಮಾಲ್ಟಿನೊಡನೆ ಕುದಿಸುವುದು ಅಜ್ಜಿಯ ಕ್ರಮವೆಂದು ನೀನು ಬಲ್ಲೆ. ಅಂಗಡಿಯ ಅತಿಮಧುರದ ಕರಿ ಮಿಠಾಯಿ ಬಿಲ್ಲೆಯನ್ನು ಹಾಕಬಾರದು. ಅದರ ಸಕ್ಕರೆ ಮುಚ್ಚಿದ ಬಾಟಲಿಯೊಳಗೆ ಹುದುಗೆದ್ದು ಗಾಳಿ ಕಟ್ಟುತ್ತದೆ. ಆದರೂ ಪ್ರತಿ ಬಾಟಲಿಗೂ ಒಂದೊಂದು ಬಿಲ್ಲೆ ಬಿದ್ದಿತ್ತು. ಭಾನುವಾರ ಚೂರುಗಳ ನಡುವಿನಿಂದ ಅರೆಕರಗಿದ ಬಿಲ್ಲೆಯನ್ನು ಹೆಕ್ಕಿದ ಕ್ಲಿಫರ್ಡ್, "ಇದನ್ನ ಹಾಕಿದ ಜಾಣರು ಯಾರು?" ಎಂದ. "ನಾನೇ ಕಣೋ, ಸಪ್ಪೆ ಅನ್ನಿಸ್ತು," ಎಂದರು ಅಪ್ಪ. "ನಲವತ್ತು ವರ್ಷ ಕಾರ್ಖಾನೇಲಿ ಅತಿಮಧುರ ಕುದಿಸಿದೋನು ಇದನ್ನೂ ಮರೆತ. ನೋಡಕ್ಕ, ತಲೆ ಪೂರ್ತಿ ಹೋಯ್ತು," ಎಂದು ಕ್ಲಿಫರ್ಡ್ ನನ್ನತ್ತ ತಿರುಗಿದ. "ಸಿಡಿದದ್ದು ಸೀಸೆ ಕಣೋ, ನನ್ನ ತಲೆಯಲ್ಲ," ಎಂದರು ಅಪ್ಪ. ಆದರೆ ಕ್ಲಿಫರ್ಡ್ ವೃದ್ಧಾಶ್ರಮದ ಅರ್ಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಅದು ನಿನ್ನ ಸಹಿಗಾಗಿ ಶುಕ್ರವಾರ ಅಲ್ಲಿಗೆ ತಲುಪುತ್ತದೆ.

ಈಗ ಅಪ್ಪ ಹಿತ್ತಲಿನಲ್ಲಿದ್ದಾರೆ. ದಪ್ಪ ಕೈಗವಸು ತೊಟ್ಟು, ಉಳಿದ ಹನ್ನೊಂದು ಬಾಟಲಿಗಳನ್ನು ಒಂದೊಂದಾಗಿ ಒದ್ದೆ ಗೋಣಿಯಲ್ಲಿ ಸುತ್ತಿ, ಮುಚ್ಚಳ ಸಡಿಲಿಸಿ ಗಾಳಿ ಬಿಡುತ್ತಿದ್ದಾರೆ. ನನ್ನನ್ನು ಹತ್ತಿರ ಬಿಡಲೊಲ್ಲರು. ಪ್ರತಿಯೊಂದು ಸದ್ದಿಗೂ ನನ್ನ ಲೇಖನಿ ನಿಲ್ಲುತ್ತಿದೆ. ಏಳು ಮುಗಿದಿವೆ. ಕಿಟಕಿಯಿಂದ ನೋಡುತ್ತಿದ್ದೇನೆ, ಅವರ ಕೈ ನಡುಗುತ್ತಿಲ್ಲ.

ಸಮುದ್ರವೂ ಚಳಿಯೂ ನಿನ್ನ ಮೇಲೆ ಕರುಣೆ ತೋರಲಿ.

ನಿನ್ನ ಅಕ್ಕ,
ವಿನಿಫ್ರೆಡ್

ತಾ.ಕ.: ಸಹಿ ಮಾಡಬೇಡ. ಬಿಲ್ಲೆ ಹಾಕಿದವಳು ನಾನು. ಬೇಡವೆಂದು ಅಪ್ಪ ಎರಡು ಸಲ ಎಚ್ಚರಿಸಿದ್ದರು. ನನಗೆ ತಿಳಿಯದ್ದೇನಿದೆ ಎಂದುಕೊಂಡೆ. ಬೀದಿಯವರೆಲ್ಲರ ತಪ್ಪು ತಿದ್ದಿದ ಮಗಳು ನಾಲ್ಕು ಜನರೆದುರು ತಲೆ ತಗ್ಗಿಸಬಾರದೆಂದು ಅವರು ಅದನ್ನು ತಮ್ಮ ಮೇಲೆ ಹೊತ್ತರು. ನಾನು ಸುಮ್ಮನಿದ್ದೆ. ಇಂದೇ ಕ್ಲಿಫರ್ಡನಿಗೂ ಬರೆಯುತ್ತೇನೆ. ಭಾನುವಾರ ಅಪ್ಪ ಅದನ್ನು ಹೊತ್ತಾಗ ಅಲ್ಲಿದ್ದವರು: ಕ್ಲಿಫರ್ಡ್, ಅವನ ಹೆಂಡತಿ ಮೇವಿಸ್, ನನ್ನ ಹಳೆಯ ವಿದ್ಯಾರ್ಥಿನಿ ಐವಿ ಓಲ್ಡ್‌ರಾಯ್ಡ್, ನಮ್ಮಪ್ಪ ಹರ್ಬರ್ಟ್, ಮತ್ತು ನಾನು, ವಿನಿಫ್ರೆಡ್.