ಹುಳು ಮನೆಯ ಹಿಂಗೋಡೆ

ಪೆನ್ನಾಗರಂ,
ಮಂಗಳವಾರ ಮಧ್ಯಾಹ್ನ

ನನ್ನ ಫೋನು ಎತ್ತದ ತಮ್ಮ ಶಿವನಿಗೆ,

ಬೆಳಗಿನಿಂದ ಹನ್ನೊಂದು ಸಲ ಫೋನು ಮಾಡಿದೆ. ಅದಕ್ಕೇ ಈ ಕಾಗದ. ಹರೂರಿನ ಬಸ್ಸಿನ ಕಂಡಕ್ಟರ್ ಮುರುಗೇಶನ್ ಕೈಗೆ ಕೊಡುತ್ತೇನೆ, ನಿನ್ನ ರೂಮಿನ ಬಾಗಿಲಿಗೇ ತಂದು ಕೊಡುತ್ತಾನೆ. ಕೂತು ಬರೆಯಲು ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಎರಡು ತಿಂಗಳ ಹಿಂದೆ ನೀನು ಕ್ರಿಪ್ಟೊ ನಾಣ್ಯ ಹುಟ್ಟಿಸುವ ಆ ಎಂಟು ಮಿಷಿನ್ ತಂದ ದಿನ ನೆನಪಿದೆಯಾ? ರೇಷ್ಮೆ ಹುಳು ಸಾಕುವಾಗ ನಾವು ಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಮಲ್ಲಿಗೆ ಮುಡಿದು ಬಂದ ನೆಂಟರನ್ನೂ ಜಗಲಿಯಲ್ಲೇ ಕೂರಿಸುತ್ತೇವೆ. ಅವ್ವನ ಮಂಡಿನೋವಿನ ಮುಲಾಮನ್ನೇ ಬಚ್ಚಿಟ್ಟವಳು ನಾನು. ಹಾಗಾಗಿ ನಿನ್ನ ಮಿಷಿನ್‌ಗಳನ್ನು ಒಂದೊಂದಾಗಿ ಮೂಸಿ ನೋಡಿದೆ. ನೀನು ಬಿದ್ದು ಬಿದ್ದು ನಕ್ಕೆ. "ಒಗೆ ಇಲ್ಲ, ವಾಸ್ನೆ ಇಲ್ಲ ಕಣಕ್ಕ. ಸೂರ್ಯನ ಕರೆಂಟು. ಒಣ್ಣುಂ ಆಗಾದು" ಅಂದೆ, ಏನೂ ಆಗುವುದಿಲ್ಲ ಎಂದು. ನಾನು ಹುಳು ಮನೆಯ ಹಿಂದಿನ ಕೋಣೆ ಕೊಟ್ಟೆ. ಹೊಗೆ ಇಲ್ಲದ ಕಡೆ ಬೆಂಕಿ ಇರುವುದಿಲ್ಲ ಎಂದು ನಂಬಿದ ದಡ್ಡಿ ನಾನು.

ಹಗಲಿಗೆ ಸೂರ್ಯ, ಒಪ್ಪಿದೆ. ಆದರೆ ಆ ಸೋಲಾರ್ ಹಲಗೆಗಳನ್ನು ಹಾಕಿಸಿದ್ದು ನಮ್ಮ ಬೋರ್‌ವೆಲ್ಲಿಗೆ. ನಿನ್ನ ಕ್ರಿಪ್ಟೊ ನಾಣ್ಯ ಹುಟ್ಟಿತು, ಹಿಪ್ಪುನೇರಳೆ ತೋಟ ಬಾಡಿತು. ಕತ್ತಲಾದ ಮೇಲೆ? ಮಿಷಿನ್‌ಗೆ ನಿದ್ದೆ ಇಲ್ಲವಲ್ಲ, ನೀನು ಪಂಪಿನ ಲೈನಿನಿಂದ ಎಳೆದೆ. ಆ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಯಲೇಬೇಕು. ಕಣ್ಣಿಗೆ ಕಾಣದ ನಾಣ್ಯಕ್ಕೆ ಇಷ್ಟೊಂದು ಹಸಿವು ಯಾಕಪ್ಪಾ ಎಂದರೆ, ಮಿಷಿನ್ ಲೆಕ್ಕ ಬಿಡಿಸುತ್ತವೆ ಅಂದೆ ನೀನು. ಯಾರ ಲೆಕ್ಕ, ಯಾಕೆ ಬಿಡಿಸಬೇಕು, ನನಗೆ ಇವತ್ತಿಗೂ ತಿಳಿದಿಲ್ಲ.

ಪೊರೆ ಕಳಚುವ ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳು ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನಬೇಕು. ನಮ್ಮ ಹುಳು ಎದ್ದವು, ಸೊಪ್ಪು ಮುಟ್ಟಲಿಲ್ಲ. ನಿನ್ನ ಮಿಷಿನ್ ಕಾವಿಗೆ, ಹಿಂಗೋಡೆಗೆ ಕೈ ಇಟ್ಟರೆ ದೋಸೆಯ ಕಾವಲಿ. ಒದ್ದೆ ಗೋಣಿ ಕಟ್ಟಿದೆ, ಗಳಿಗೆಗೊಮ್ಮೆ ನೀರು ಎರಚಿದೆ. ಮೂರೇ ದಿನದಲ್ಲಿ ಎಲ್ಲಾ ಕಪ್ಪಾಗಿ ಮೆತ್ತಗಾದವು. ನಾನು ಸತ್ತ ಹುಳುಗಳನ್ನು ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿದೆ. ನೀನು ಮಿಷಿನ್ ಹೊತ್ತುಕೊಂಡು ಹರೂರಿಗೆ ಹೋದೆ.

ನಾನು ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ ಶಿವಾ. ಊರವರು ಕೇಳಿದಾಗ ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಮರಿಹುಳು ಕೊಟ್ಟ ರಾಮಚಂದ್ರಪ್ಪನ ಮೇಲೆ ಹಾಕಿದೆ, ರೋಗದ ಹುಳು ಕೊಟ್ಟ ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಮನುಷ್ಯ ನಮ್ಮ ಬಾಗಿಲಿಗೇ ಬಂದ. "ನಿಮ್ಗೆ ಕೊಟ್ಟ ಉಳಾನೇ ಇನ್ನೂ ಆರು ಮನೇಗ್ ಕೊಟ್ಟಿವ್ನಿ ತಾಯಿ. ಅಲ್ಲೆಲ್ಲ ಗೂಡು ಕಟ್ಟೈತೆ" ಅಂದ. ನಾನು ತಲೆ ಎತ್ತಲಿಲ್ಲ. ಈಗ ಅವನ ಹತ್ತಿರ ಯಾರೂ ಮರಿ ತೆಗೆದುಕೊಳ್ಳುತ್ತಿಲ್ಲ. ನನಗೆ ಅನ್ನ ಸೇರುತ್ತಿಲ್ಲ.

ಇವತ್ತು ಬೆಳಿಗ್ಗೆ ಹರೂರಿನಿಂದ, ನನ್ನ ಹಾಗೆಯೇ ಹುಳು ಸಾಕುವ ಗೆಳತಿ ಪೂಂಗೊಡಿ ಫೋನು ಮಾಡಿದಳು. ನಿನ್ನ ಮಿಷಿನ್ ಈಗ ಅವಳ ಹುಳು ಮನೆಗೆ ಅಂಟಿದ ಕೋಣೆಯಲ್ಲಿವೆಯಂತೆ. "ಸುವರು ಸುಡುದು ಅಕ್ಕಾ" ಅಂದಳು, ಗೋಡೆ ಸುಡುತ್ತಿದೆ ಎಂದು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳುತ್ತಾ ಹೇಳಿದಳು: ನಮ್ಮ ಹುಳು ರೋಗದಿಂದ ಸತ್ತವು ಎಂದು ನಾನು ಹೇಳಿದ ಮಾತು ನಂಬಿಯೇ ಅವಳು ನಿನಗೆ ಕೋಣೆ ಕೊಟ್ಟಿದ್ದು.

ಅವಳ ಹುಳು ನಿನ್ನೆ ತಾನೇ ನಾಲ್ಕನೇ ಜ್ವರಕ್ಕೆ ಕೂತಿವೆ. ಕೋಣೆಯ ಬೀಗದ ಕೈ ನಿನ್ನ ಹತ್ತಿರ. ಓದಿದ ಕೂಡಲೇ ಎದ್ದು ಹೋಗು, ಚಪ್ಪಲಿ ಹುಡುಕುತ್ತಾ ನಿಲ್ಲಬೇಡ. ಮಿಷಿನ್ ನಿಲ್ಲಿಸಿ ಆಮೇಲೆ ಫೋನು ಮಾಡಿ ನನ್ನನ್ನು ಎಷ್ಟು ಬೇಕಾದರೂ ಬೈ, ಕೇಳಿಸಿಕೊಳ್ಳುತ್ತೇನೆ. ಸಂಜೆಯೊಳಗೆ ಗೋಡೆ ತಣ್ಣಗಾಯಿತು ಎಂದು ಪೂಂಗೊಡಿ ಹೇಳದಿದ್ದರೆ, ನಾಳೆ ಮೊದಲ ಬಸ್ಸಿಗೆ ಬಂದು ನಾನೇ ಬೀಗ ಒಡೆಯುತ್ತೇನೆ. ಈಗ ರಾಮಚಂದ್ರಪ್ಪನ ಮನೆಗೆ ಹೊರಟಿದ್ದೇನೆ, ಊರವರೆಲ್ಲ ಕೇಳುವ ಹಾಗೆ ಬೀದಿಯಲ್ಲೇ ನಿಂತು ನಿಜ ಹೇಳಲು.

ಚೆನ್ನಾಗಿ ಬಾಳು ಕಂದಾ, ಇನ್ನೊಬ್ಬರ ಮನೆ ಬೇಯಿಸದೆ ಬಾಳು.

ಬೈದರೂ ನಿನ್ನವಳೇ,
ಅಕ್ಕ ಸುಗುಣಾ