ಅಳೆಯದ ಹನ್ನೊಂದು ದಿನ

ರಾಮಮೂರ್ತಿ ನಗರ, ಬೆಂಗಳೂರು
18 ಆಗಸ್ಟ್ 2024, ಭಾನುವಾರ

ಪ್ರೀತಿಯ ಆಶ್ರಿತಾ,

ಹೇಗಿದ್ದೀಯ? ದಾವಣಗೆರೆಯಲ್ಲಿ ಮಳೆ ಹಿಡಿದಿದೆ ಎಂದು ಟಿವಿಯಲ್ಲಿ ತೋರಿಸಿದರು. ನಿನ್ನ ಕೆಮ್ಮು ಹೋಯಿತೇ, ಇಲ್ಲ ಈಗಲೂ ಫೋನಿಗೆ ಕೈ ಅಡ್ಡ ಹಿಡಿದು ಕೆಮ್ಮಿ, ಅಮ್ಮನಿಗೆ ಕೇಳಿಸಲಿಲ್ಲ ಅಂದುಕೊಳ್ಳುತ್ತೀಯೋ? ಹಾಸ್ಟೆಲಿನ ಸಾರು ಬಿಸಿನೀರಿಗೆ ಬೇಳೆ ತೋರಿಸಿದ ಹಾಗಿರುತ್ತದೆ ಎಂದು ನೀನು ಒಮ್ಮೆ ಹೇಳಿದ್ದೆ. ಅದಕ್ಕೆ ಈ ಕಾಗದದ ಜೊತೆ ಚಟ್ನಿಪುಡಿಯನ್ನೂ ಕೊರಿಯರ್ ಮಾಡುತ್ತಿದ್ದೇನೆ. ಉಪ್ಪು ಸ್ವಲ್ಪ ಕಡಿಮೆ ಎನಿಸಬಹುದು. ಮೂರು ವರ್ಷ ಉಪ್ಪಿಲ್ಲದ ಅಡುಗೆ ಮಾಡಿ ಮಾಡಿ ನನ್ನ ಕೈ ಹಾಗೇ ಕೂತುಬಿಟ್ಟಿದೆ. ನನ್ನ ಮಂಡಿ ನೋವು ಇದ್ದಲ್ಲೇ ಇದೆ, ಬಿಪಿ ಪರವಾಗಿಲ್ಲ. ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬೀದಿಯೆಲ್ಲ ಸಡಗರವಾಗಿತ್ತು. ನಮಗೆ ಈ ವರ್ಷ ಹಬ್ಬವಿಲ್ಲವಲ್ಲ, ಬಾಗಿಲು ಮುಂದೆ ಮಾಡಿಕೊಂಡು ನಿನ್ನ ಅಪ್ಪನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಕೂತಿದ್ದೆ. ಯಾರಿಗೂ ಕೊಡಲು ಮನಸ್ಸು ಬಂದಿಲ್ಲ. ಬಯ್ಯಬೇಡ.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನಗುತ್ತಿರಬಹುದು. ನಮ್ಮ ಫೋನಿನ ಮಾತು ನಿನಗೂ ಗೊತ್ತು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಸರಿ ಇಡ್ಲಾ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ನಾನು ಹೇಳಬೇಕಾದದ್ದು ಮೂರು ನಿಮಿಷದ್ದಲ್ಲ, ನಡುವೆ ನೀನು ಇಟ್ಟುಬಿಟ್ಟರೆ ಇನ್ನೊಮ್ಮೆ ಶುರು ಮಾಡುವ ಧೈರ್ಯ ನನಗಿಲ್ಲ. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ನೋಡಿದವಳು ನಾನು. ಕಾಗದದ ಮೇಲಾದರೆ ಹೇಗೋ ಒಂದು ಕ್ರಮದಲ್ಲಿ ಹೇಳಿಯೇನು.

ಹೋದ ಶನಿವಾರ ನಿನ್ನ ಆಸ್ಪತ್ರೆಯ ಸುಮೈರಾ ಬಂದಿದ್ದಳು. ನೀನು ಬಿಟ್ಟುಹೋದ ಮೇಲೆ ನಿನ್ನ ಮೇಜಿನ ಕೆಲಸವೂ ಅವಳ ಮೇಲೇ ಬಿದ್ದಿದೆಯಂತೆ, ಹುಡುಗಿ ಇಳಿದುಹೋಗಿದ್ದಾಳೆ. ಹೃದಯದ ಹೊಸ ಮಾತ್ರೆಯ ಅಧ್ಯಯನ ಮುಗಿಯುತ್ತಾ ಬಂತು, ಮನೆಮನೆಗೆ ಕೊಟ್ಟ ತೂಕದ ಮೆಷಿನ್‌ಗಳನ್ನು ವಾಪಸ್ ತರಬೇಕು, ತರುವ ಮುಂಚೆ ಅಲ್ಲೇ ಪರೀಕ್ಷಿಸಬೇಕು ಎಂದು ಆದೇಶವಂತೆ. ಸ್ಕೂಟರಿನಲ್ಲಿ ಹತ್ತು ಹತ್ತು ಕಿಲೋದ ಎರಡು ಕಬ್ಬಿಣದ ತೂಕದ ಬಟ್ಟು ಹೊತ್ತು ತಂದಿದ್ದಳು. ಎದುರುಮನೆಯ ಮುಕ್ತಾರ್ ತನ್ನ ಆಟೋ ಒರೆಸುವುದನ್ನು ಬಿಟ್ಟು ಬಂದು ಅವನ್ನು ಒಳಗೆ ತಂದಿಟ್ಟ. ಬಚ್ಚಲ ಮುಂದಿನ ಮೂಲೆಯಲ್ಲಿ, ನೀನು ಸಮಮಟ್ಟ ನೋಡಿ ಇಟ್ಟ ಜಾಗದಲ್ಲೇ, ಆ ಮೆಷಿನ್ ಇತ್ತು. ಜನವರಿಯಿಂದ ನಾನು ಅದನ್ನು ಮುಟ್ಟಿರಲಿಲ್ಲ, ಸುತ್ತಲೂ ಒರೆಸುತ್ತಿದ್ದೆ ಅಷ್ಟೆ. ಒಂದು ಬಟ್ಟು ಇಟ್ಟಳು, ಹತ್ತು ತೋರಿಸಿತು. ಎರಡು ಇಟ್ಟಳು, ಇಪ್ಪತ್ತು. ಆಮೇಲೆ ತಾನೇ ಹತ್ತಿ ನಿಂತಳು. ಬೆಳಿಗ್ಗೆ ಆಸ್ಪತ್ರೆಯ ಮೆಷಿನ್ ತೋರಿಸಿದ್ದನ್ನೇ ಇದೂ ತೋರಿಸಿತಂತೆ. ಬ್ಯಾಟರಿ ಬದಲಿಸಿ ಮತ್ತೆ ಮಾಡಿದಳು. ಒಂದು ಕೂದಲೆಳೆ ವ್ಯತ್ಯಾಸವಿಲ್ಲ.

"ಆಂಟಿ, ಮಿಷಿನ್ ಕರೆಕ್ಟಾಗೇ ಇದೆಯಲ್ಲ. ಆಶ್ರಿತಾ ಸುಮ್ಸುಮ್ನೆ ತಲೆ ಕೆಡಿಸ್ಕೊಂಡು ಹೋದ್ಲು. ಹಂಗಾದ್ರೆ ಆ ನಂಬರು..." ಎಂದು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ನೋಡುತ್ತಾ ನಿಂತಿದ್ದೆ. ಹೊರಗೆ ಬಂದಾಗ ಅವಳು ಆ ಮಾತು ಮುಂದುವರಿಸಲಿಲ್ಲ. ಒಳ್ಳೆಯ ಹುಡುಗಿ. ಮೆಷಿನ್ ಚೀಲಕ್ಕೆ ಹಾಕಿಕೊಂಡು, ನಿನ್ನನ್ನು ಕೇಳಿದೆನೆಂದು ಹೇಳಿ ಹೊರಟುಹೋದಳು.

ನಿನಗೆ ನೆನಪಿರಬೇಕು, ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಎದೆ ಬಲ ಕಳೆದುಕೊಂಡ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಇಂಥ ಹೃದಯ ಮುನ್ಸೂಚನೆ ಕೊಡದೆ ಕೈ ಬಿಡುವುದಿಲ್ಲ, ಮೊದಲು ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ತೂಕ ಏರುತ್ತದೆ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ತಕ್ಷಣ ಫೋನ್ ಮಾಡಿ, ನೀರಿನ ಮಾತ್ರೆ ಹೆಚ್ಚಿಸಿದರೆ ಅಲ್ಲಿಗೇ ಹಿಡಿಯಬಹುದು ಎಂದು. ಹೊಸ ಮಾತ್ರೆಯ ಅಧ್ಯಯನಕ್ಕೆ ಅವರನ್ನು ಸೇರಿಸಿದವಳು ನೀನು. ಮಗಳೇ ಅಪ್ಪನ ಫೈಲ್ ನೋಡಬಾರದೆಂದು ಸುಮೈರಾಗೆ ಕೊಟ್ಟರು. ಪ್ರತಿ ಸೋಮವಾರ ಅವಳು ಫೋನ್ ಮಾಡುತ್ತಿದ್ದಳು, ನಾನು ಡೈರಿ ತೆರೆದು ವಾರದ ತೂಕ ಓದಿ ಹೇಳುತ್ತಿದ್ದೆ. ತಮಗೆ ಸಿಗುತ್ತಿರುವುದು ಹೊಸ ಮಾತ್ರೆಯೋ ಹಳೆಯದೋ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ಟೆಲಿಫೋನ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಮಾಡಿದವರು, ಗೊತ್ತಿಲ್ಲದೆ ಅಳೆದರೇ ಅಳತೆ ಸರಿ ಬರುವುದು ಎನ್ನುತ್ತಿದ್ದರು. ಅಧ್ಯಯನದಲ್ಲಿ ಅವರ ನಂಬರು 117. ಪಾರ್ಕಿನಲ್ಲಿ ಪರಿಚಯವಾದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು, "ನಾನು ಹೋದ್ಮೇಲೂ ನೂರಹದಿನೇಳು ಅಲ್ಲಿ ಇರುತ್ತೆ ಕಣ್ರೀ, ಯಾರಿಗೋ ಉಪಯೋಗಕ್ಕೆ ಬರುತ್ತೆ" ಅಂತ. ನಮ್ಮ ಮದುವೆಯ ತಾರೀಕನ್ನೂ ಅಷ್ಟು ಹೆಮ್ಮೆಯಿಂದ ಹೇಳಿದವರಲ್ಲ.

ಹದಿನಾಲ್ಕು ತಿಂಗಳು ಒಂದು ದಿನ ತಪ್ಪಲಿಲ್ಲ. ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದು, ಖಾಲಿ ಹೊಟ್ಟೆಯಲ್ಲಿ ಮೆಷಿನ್ ಮೇಲೆ ನಿಲ್ಲುತ್ತಿದ್ದರು. ನಾನು ಬರೆಯುತ್ತಿದ್ದೆ, ಪುಟದ ಕೊನೆಯಲ್ಲಿ ಅವರು ಸಹಿ ಹಾಕುತ್ತಿದ್ದರು. ಆಮೇಲೆ ಧನುರ್ಮಾಸ ಬಂತು. ಮದುವೆಯಾದ ಹೊಸತರಲ್ಲಿ ಹಲಸೂರಿನಲ್ಲಿದ್ದಾಗ ಅಲ್ಲಿನ ದೇವಸ್ಥಾನದ ಬೆಳಗಿನ ಪೂಜೆಗೆ ಹೋಗುತ್ತಿದ್ದೆವು, ಈ ಸಲ ಮತ್ತೆ ಹೋಗಬೇಕೆಂದು ಹಟ ಹಿಡಿದರು. ಮುಕ್ತಾರ್ ಹೇಗೂ ಐದಕ್ಕೆಲ್ಲ ಆಟೋ ತೆಗೆಯುತ್ತಾನೆ, ಮೊದಲ ಬಾಡಿಗೆ ಆ ಕಡೆಯೇ, ಕರೆದುಕೊಂಡು ಹೋಗಿ ಬಿಡುತ್ತೇನೆಂದ. ನನ್ನ ಮಂಡಿ ಆ ಚಳಿಗೆ ಏಳಲು ಬಿಡಲಿಲ್ಲ. ನಾನು ಕಣ್ಣು ಬಿಡುವಷ್ಟರಲ್ಲಿ ಅವರು ಸ್ನಾನ ಮಾಡಿ ಹೊರಟುಬಿಟ್ಟಿರುತ್ತಿದ್ದರು, ಅವಸರದಲ್ಲಿ ಮೆಷಿನ್ ಮರೆಯುತ್ತಿದ್ದರು. ಎಂಟು ಗಂಟೆಗೆ ಬರುವಾಗ ಖಾರದ ಹುಗ್ಗಿ ತಿಂದು ಬರುತ್ತಿದ್ದರು. ಪ್ರಸಾದಕ್ಕೆ ಬೇಡ ಎನ್ನಬಾರದು ಎಂದು ನಗುತ್ತಿದ್ದರು. ಅದರಲ್ಲಿ ಎಷ್ಟು ಉಪ್ಪು ಇತ್ತು ಎಂದು ನಾನು ಯೋಚಿಸಬೇಕಿತ್ತು.

ಆಗಲೇ ಅವರನ್ನು ನಿಲ್ಲಿಸಿ ತೂಕ ನೋಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ನಾನೂ ನನ್ನನ್ನು ಅದನ್ನೇ ಕೇಳಿಕೊಂಡಿದ್ದೇನೆ. ಡೈರಿಯ ಮೊದಲ ಪುಟದಲ್ಲಿ ಅಚ್ಚಾಗಿತ್ತು, ಖಾಲಿ ಹೊಟ್ಟೆಯಲ್ಲಿ ಮಾತ್ರ ಎಂದು. ತಿಂದು ಬಂದವರ ತೂಕ ಬರೆದರೆ ನಿಯಮ ತಪ್ಪುತ್ತದೆ. ಬರೆಯದಿದ್ದರೆ ಕಾಲಂ ಖಾಲಿ ಉಳಿಯುತ್ತದೆ. ಖಾಲಿ ಕಾಲಂ ಇರುವ ಕಡತವನ್ನು ನಾನು ಜನ್ಮದಲ್ಲಿ ಮುಂದೆ ಕಳಿಸಿದವಳಲ್ಲ. ನಮ್ಮ ಕಚೇರಿಯಲ್ಲಿ ಒಂದು ಕಾಲಂ ಖಾಲಿ ಇದ್ದರೆ ಇಡೀ ಫೈಲು ಕೆಂಪು ಗೆರೆ ಎಳೆಸಿಕೊಂಡು ವಾಪಸ್ ಬರುತ್ತಿತ್ತು. ಸುಮೈರಾ ಫೋನ್ ಮಾಡಿದಾಗ, ಇಲ್ಲಮ್ಮಾ, ಸಾರ್ ನಿಂತಿಲ್ಲ ಎನ್ನಲು ನನಗೆ ನಾಚಿಕೆ. ಹಿಂದಿನ ದಿನ 68.4 ಇತ್ತು, 68.3 ಎಂದು ಬರೆದೆ. ಮಾರನೆಯ ದಿನ 68.5. ಒಂದೇ ಅಂಕಿ ಬರೆದರೆ ಅನುಮಾನ ಬರುತ್ತದೆಂದು ಹಿಂದೆ ಮುಂದೆ ಮಾಡಿದೆ, ಆಶ್ರಿತಾ. ಅಷ್ಟು ಬುದ್ಧಿ ಉಪಯೋಗಿಸಿದೆ. ಹೀಗೆ ಹನ್ನೊಂದು ದಿನ.

ಸೂಚನೆಗಳು ಇರಲಿಲ್ಲವೆಂದು ಹೇಳಲಾರೆ. ಚಪ್ಪಲಿ ಬಿಗಿಯಾಗುತ್ತಿದೆ ಎಂದರು, ಪಟ್ಟಿಯನ್ನು ಮುಂದಿನ ತೂತಿಗೆ ನಾನೇ ಸರಿಸಿ ಕೊಟ್ಟೆ. ಒಂಬತ್ತನೆಯ ದಿನ ಮುಕ್ತಾರ್ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ, "ಅಮ್ಮಾ, ಸಾರ್ ಇವತ್ತು ಮೆಟ್ಲಲ್ಲಿ ಎರಡು ಸಲ ಕೂತ್ಬಿಟ್ರು. ಉಸ್ರು ತುಂಬಾ ಆಡ್ತಿತ್ತು. ಒಂದ್ಸಲ ತೋರಿಸ್ಬಿಡಿ." ಚಳಿಗೆ ನೆಗಡಿ ಇರಬೇಕು ಎಂದೆ. ಡೈರಿಯಲ್ಲಿ ತೂಕ ಸರಿಯಾಗಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನೇ ಹುಟ್ಟಿಸಿದ ಅಂಕಿಯನ್ನು ನಾನೇ ನಂಬಿದೆ. ಇದನ್ನು ಹೇಗೆ ಅರ್ಥ ಮಾಡಿಸಲಿ ನಿನಗೆ, ಆ ಪುಟ ಅಷ್ಟು ಅಚ್ಚುಕಟ್ಟಾಗಿತ್ತು.

ಹನ್ನೆರಡನೆಯ ದಿನ ಆಸ್ಪತ್ರೆಯಲ್ಲಿ 73.6 ತೋರಿಸಿತು. ಮುಂದಿನದು ನಿನಗೆ ಗೊತ್ತು, ಐದೇ ದಿನ. ಕಂಪ್ಯೂಟರಿನಲ್ಲಿ ಸುಮೈರಾ ತುಂಬಿಸಿದ ಗೆರೆ ನೇರವಾಗಿ ಹೋಗಿ ಒಮ್ಮೆಲೇ ಮೇಲಕ್ಕೆ ಹಾರಿದ್ದನ್ನು ನೋಡಿ, ಮನೆಯ ಮೆಷಿನ್ ಕೆಟ್ಟಿತ್ತು ಎಂದು ನೀನು ತೀರ್ಮಾನಿಸಿದೆ. ಅಮ್ಮ ಸುಳ್ಳು ಬರೆದಾಳೆಂದು ನಿನಗೆ ಹೊಳೆಯಲೇ ಇಲ್ಲ. ವೈಕುಂಠ ಸಮಾರಾಧನೆಯ ದಿನ ಎಲೆ ತೆಗೆದ ಮೇಲೆ ಅಡುಗೆಮನೆಯಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ಅಂದೆಯಲ್ಲ, "ನಾನು ಸರಿಯಾಗಿ ಚೆಕ್ ಮಾಡ್ದೆ ತಂದಿಟ್ಬಿಟ್ಟೆ ಕಣಮ್ಮಾ. ನನ್ನ ಕೈಯಾರೆ ಆಯ್ತು." ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ನಿನ್ನ ತಲೆ ಸವರಿ ಸುಮ್ಮನಿದ್ದೆ. ಸುಮ್ಮನಿದ್ದದ್ದು ದುಃಖದಿಂದ ಎಂದು ನೀನು ತಿಳಿದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಸಮಾಧಾನವಾಯಿತು. ತಪ್ಪು ಮೆಷಿನ್‌ದು ಎಂದಾಯಿತಲ್ಲ ಎಂದು. ಮುಂದಿನ ತಿಂಗಳು ನೀನು ಅಷ್ಟು ಪ್ರೀತಿಯ ಕೆಲಸ ಬಿಟ್ಟು, ಇನ್ನು ರೋಗಿಗಳ ತಂಟೆಗೆ ಹೋಗುವುದಿಲ್ಲವೆಂದು ದಾವಣಗೆರೆಯ ಬಸ್ಸು ಹತ್ತಿದಾಗಲೂ ನಾನು ದಾರಿಗೆ ಪುಳಿಯೋಗರೆ ಕಟ್ಟಿಕೊಟ್ಟೆನೇ ಹೊರತು ಒಂದು ಮಾತು ಆಡಲಿಲ್ಲ. ಗಂಡನನ್ನು ಕಳೆದುಕೊಂಡದ್ದು ನನ್ನ ದಡ್ಡತನದಿಂದ. ನಿನ್ನನ್ನು ದೂರ ಕಳಿಸಿದ್ದು ತಿಳಿದೂ ತಿಳಿದು.

ಇನ್ನೊಂದಿದೆ. ಅಪ್ಪನಿಗೆ ಗೊತ್ತಿತ್ತು. ಹನ್ನೊಂದನೆಯ ದಿನ ಪುಟ ತುಂಬಿತೆಂದು ಸಹಿಗೆ ಡೈರಿ ಮುಂದಿಟ್ಟೆ. ಕನ್ನಡಕ ಏರಿಸಿ ಸಾಲು ಸಾಲು ಓದಿದರು. "ಏನ್ ರಮಾ, ನಾನಿಲ್ದೇನೇ ನನ್ನ ತೂಕ ನೋಡ್ಬಿಟ್ಯಾ?" ಎಂದು ನಕ್ಕರು. ನನ್ನ ಮುಖ ಸಣ್ಣದಾದದ್ದು ಕಂಡಿತೋ ಏನೋ, ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಮೂವತ್ತನಾಲ್ಕು ವರ್ಷದ ಸರ್ವಿಸ್‌ನಲ್ಲಿ ಅಳೆಯದ ಒಂದು ಮೊಳೆಗೂ ಸಹಿ ಹಾಕದೆ, ಅದಕ್ಕಾಗಿ ಪ್ರಮೋಷನ್ ಕಳೆದುಕೊಂಡ ಮನುಷ್ಯ. ನನ್ನ ಮರ್ಯಾದೆ ಉಳಿಸಲು ಹಾಕಿದರು. ಒಂದು ಸಲ ಬೈದು, ಎದ್ದು ಹೋಗಿ ಆ ಮೆಷಿನ್ ಮೇಲೆ ನಿಂತಿದ್ದರೆ ಸಾಕಿತ್ತು. ಆ ಸಹಿಯನ್ನು ದಿನಾ ತೆಗೆದು ನೋಡುತ್ತಿದ್ದೆ. ಕೈ ಊದಿತ್ತಲ್ಲ, ಅಕ್ಷರ ದಪ್ಪಗೆ ಬಂದಿದೆ.

ಇಷ್ಟೇ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ನಿನ್ನ ಮೆಷಿನ್ ಸರಿಯಾಗಿತ್ತು. ನೀನು ಇಟ್ಟ ಜಾಗ ಸರಿಯಾಗಿತ್ತು. ನೀನು ಅಪ್ಪನಿಗೆ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಬಂದು ಎದುರಿಗೆ ನಿಂತು ಬೈದು ಹೋಗು, ನಾನು ಅಡುಗೆಮನೆಗೆ ತಪ್ಪಿಸಿಕೊಂಡು ಹೋಗುವುದಿಲ್ಲ. ಬಾರದಿದ್ದರೂ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡು. ಕೆಮ್ಮಿಗೆ ಜ್ಯೇಷ್ಠಮಧು ಇಟ್ಟಿದ್ದೇನೆ, ಚಟ್ನಿಪುಡಿಯ ಕೆಳಗೆ ಸಣ್ಣ ಪೊಟ್ಟಣ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಹಾಸ್ಟೆಲಿನ ಹುಡುಗಿಯರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನ ಅಮ್ಮ,
ರಮಾಮಣಿ

ಮತ್ತೆ: ಕೊರಿಯರಿನವನು ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬುಧವಾರವೇ ಮುಕ್ತಾರ್ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿ ಬಂದೆ, ಡೈರಿಯನ್ನೂ ಕೊಟ್ಟೆ. ಮೇಲೆ ಬರೆಯಲು ಕೈ ಬರಲಿಲ್ಲ. ಹನ್ನೊಂದು ದಿನ ಸುಳ್ಳಾದರೆ ಉಳಿದ ದಿನಗಳನ್ನು ಹೇಗೆ ನಂಬುವುದು ಎಂದು ದೊಡ್ಡ ಡಾಕ್ಟರು ಕೇಳಿದರು. ಹದಿನಾಲ್ಕು ತಿಂಗಳ ತೂಕ ಪೂರ್ತಿ ತೆಗೆದುಹಾಕುತ್ತಾರಂತೆ. 117ರ ಮುಂದೆ ಅವರು ತೀರಿಕೊಂಡದ್ದು ಒಂದೇ ಉಳಿಯುತ್ತದಂತೆ, ಅದನ್ನು ತೆಗೆಯುವ ಹಾಗಿಲ್ಲವಂತೆ. ಅವರು ಅಷ್ಟು ಹೆಮ್ಮೆಪಟ್ಟದ್ದನ್ನು ನಾನೇ ಅಳಿಸಿ ಬಂದೆ. ಮೆಷಿನ್‌ದಾಗಲಿ, ಅದನ್ನು ಇಟ್ಟವರದಾಗಲಿ ತಪ್ಪಿಲ್ಲ ಎಂದು ನನ್ನ ಹೇಳಿಕೆಯನ್ನು ಸುಮೈರಾ ಬರೆದುಕೊಟ್ಟಳು, ಅದರ ನಕಲು ಇದರೊಳಗೆ ಮಡಿಸಿಟ್ಟಿದ್ದೇನೆ. ಜೋಪಾನ. ಕೆಳಗೆ ನನ್ನ ಸಹಿ ಇದೆ, ಪೂರ್ತಿ ಓದಿಯೇ ಹಾಕಿದ್ದೇನೆ.